ರೋಜರ್ ಸಾಯುವುದು ಸಿನಿಮಾದಲ್ಲಿ ಏಕಿಲ್ಲ? ಪುಲ್ಮನ್, ಪಾಟರ್, ನಾರ್ನಿಯಾ ಮತ್ತು ಧರ್ಮದ ತಕರಾರು

ಹಳೆಯ ಕಪಾಟು (ಸೋಮವಾರ, ರಾತ್ರಿ 9.40)

ಪುಸ್ತಕ ಓದದವರಿಗೆ ಇಲ್ಲಿ ಕತೆಯ ಕೊನೆ ಗೊತ್ತಾಗಿಬಿಡುತ್ತದೆ, ಮೊದಲೇ ಹೇಳಿದ್ದೇನೆ.

ಎಂಟನೆಯ ತರಗತಿಯ ನನ್ನ ಮಗಳು ಫಿಲಿಪ್ ಪುಲ್ಮನ್ ಅವರ ‘ನಾರ್ದರ್ನ್ ಲೈಟ್ಸ್’ ಮುಗಿಸಿ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಕಾರಣ ರೋಜರ್. ಆಕ್ಸ್‌ಫರ್ಡಿನ ಕಾಲೇಜೊಂದರ ಅಡುಗೆಮನೆಯ ಹುಡುಗ. ಅವನನ್ನು ಬಿಡಿಸಿಕೊಂಡು ಬರಲೆಂದೇ ಕತೆಯ ನಾಯಕಿ ಲೈರಾ ಉತ್ತರದ ಹಿಮದವರೆಗೆ ಹೋಗುತ್ತಾಳೆ, ಬಿಡಿಸಿಯೂ ಬಿಡುತ್ತಾಳೆ. ಆಮೇಲೆ ತಾನೇ ಅವನನ್ನು ತನ್ನ ಅಪ್ಪನ ಬಳಿಗೆ ಕರೆದೊಯ್ಯುತ್ತಾಳೆ. ಅಪ್ಪನಿಗೋ ಇನ್ನೊಂದು ಲೋಕಕ್ಕೆ ದಾರಿ ತೆರೆಯಲು ಒಂದು ಮಗು ಬೇಕಾಗಿರುತ್ತದೆ.

ಮಗಳ ಮನಸ್ಸು ಹಗುರವಾಗಲೆಂದು ಅದೇ ಪುಸ್ತಕದಿಂದ ಮಾಡಿದ 2007ರ ‘ದಿ ಗೋಲ್ಡನ್ ಕಂಪಾಸ್’ ಸಿನಿಮಾ ಹಾಕಿಕೊಟ್ಟೆ. ಕೊನೆಯಲ್ಲಿ ಲೈರಾ ಮತ್ತು ರೋಜರ್ ಆಕಾಶದಲ್ಲಿ ತೇಲುತ್ತಾ ಅಪ್ಪನನ್ನು ನೋಡಲು ಹೊರಡುತ್ತಾರೆ, ಹಾಡು ಶುರುವಾಗುತ್ತದೆ, ಹೆಸರುಗಳು ಉರುಳುತ್ತವೆ. ಮಗಳು ರಿಮೋಟ್ ಕಸಿದುಕೊಂಡು ಹಿಂದಕ್ಕೆ ಓಡಿಸಿ ನೋಡಿದಳು. ತಟ್ಟೆಯೇ ಕೆಟ್ಟಿದೆ ಎಂದುಕೊಂಡಿದ್ದಳು. “ಅಮ್ಮ, ಉಳಿದದ್ದು ಎಲ್ಲಿ?”

ಉಳಿದದ್ದು ಎಲ್ಲಿ ಎಂದು ಹುಡುಕುತ್ತಾ ಹೋದಾಗ ಅಮೆರಿಕದ ಕ್ಯಾಥೊಲಿಕ್ ಸಂಘಟನೆಗಳ ಬಹಿಷ್ಕಾರದ ಕತೆ ಸಿಕ್ಕಿತು. ಸಿನಿಮಾ ಬರುವ ಮೊದಲೇ ‘ಕ್ಯಾಥೊಲಿಕ್ ಲೀಗ್’ ಪುಸ್ತಿಕೆಯೊಂದನ್ನು ಅಚ್ಚು ಹಾಕಿಸಿ ಹಂಚಿತ್ತು. ಅವರ ವಾದ ಕೇಳಿ: ಸಿನಿಮಾದಲ್ಲಿ ಧರ್ಮವಿರೋಧವನ್ನು ತೆಳುಮಾಡಿದ್ದಾರೆ, ಆದ್ದರಿಂದಲೇ ಅದು ಅಪಾಯ. ಮಕ್ಕಳು ಸಿನಿಮಾ ಮೆಚ್ಚಿ ಕ್ರಿಸ್‌ಮಸ್‌ಗೆ ಪುಸ್ತಕ ಕೇಳುತ್ತಾರೆ, ಅಲ್ಲಿ ನಾಸ್ತಿಕತೆ ಕಾದು ಕುಳಿತಿರುತ್ತದೆ. ಸಿನಿಮಾ ಖಾರವಾಗಿದ್ದರೂ ತಪ್ಪು, ಸಪ್ಪೆಯಾಗಿದ್ದರೂ ತಪ್ಪು.

ಆದರೂ ನನ್ನ ಸಿಟ್ಟು ಹೆಚ್ಚಾಗಿ ಅವರ ಮೇಲಲ್ಲ. ಅವರು ಕತೆಗೆ ಹೆದರಿದರು. ಹೆದರಿಕೆಯೂ ಒಂದು ಬಗೆಯ ಮರ್ಯಾದೆ. ಕತೆಯನ್ನು ದುಡ್ಡು ಕೊಟ್ಟು ಕೊಂಡವರಿಗೆ ಆ ಮರ್ಯಾದೆಯೂ ಇರಲಿಲ್ಲ. ನೀವೇನೆನ್ನುತ್ತೀರಿ?

ಟಿಕೆಟ್ ಕೌಂಟರ್ (ಸೋಮವಾರ, ರಾತ್ರಿ 10.15)

ಮೇಡಂ, ಕೊನೆಯ ಭಾಗವನ್ನು ಚಿತ್ರೀಕರಿಸಿದ್ದರು. ಮುಂದಿನ ಸಿನಿಮಾದ ಆರಂಭಕ್ಕೆ ಇಡುತ್ತೇವೆಂದು ಕತ್ತರಿಸಿದರು. ಮುಂದಿನ ಸಿನಿಮಾವೇ ಬರಲಿಲ್ಲ, ರೋಜರ್ ಇನ್ನೂ ಆಕಾಶದಲ್ಲೇ ಇದ್ದಾನೆ.

ಲೆಕ್ಕದ ಮಾತು ಬೇಕು. ನಿರ್ಮಿಸಿದ್ದು ನ್ಯೂ ಲೈನ್, ‘ಲಾರ್ಡ್ ಆಫ್ ದಿ ರಿಂಗ್ಸ್’ ಸಿನಿಮಾಗಳಿಂದ ಗಲ್ಲಾ ತುಂಬಿಸಿಕೊಂಡಿದ್ದ ಕಂಪನಿ. ಖರ್ಚು ಸುಮಾರು 18 ಕೋಟಿ ಡಾಲರ್. ಅಮೆರಿಕದಲ್ಲಿ ಬಂದದ್ದು ಸುಮಾರು 7 ಕೋಟಿ. ಜಗತ್ತೆಲ್ಲ ಸೇರಿಸಿದರೆ 37 ಕೋಟಿ ದಾಟುತ್ತದೆ, ಅಂದರೆ ಹೊರದೇಶಗಳಲ್ಲಿ ಚೆನ್ನಾಗಿಯೇ ಓಡಿದೆ. ಆದರೆ ಹೊರದೇಶದ ಹಕ್ಕುಗಳನ್ನು ಬಂಡವಾಳಕ್ಕಾಗಿ ಮೊದಲೇ ಮಾರಿಕೊಂಡಿದ್ದರು. ಬೆಳೆ ಬಂದಾಗ ಹೊಲ ಬೇರೆಯವರದು. 2008ರಲ್ಲಿ ಆ ಕಂಪನಿ ವಾರ್ನರ್ ಬ್ರದರ್ಸ್ ಒಳಗೆ ಕರಗಿತು. ಅದೇ ವರ್ಷ ಈ ಸಿನಿಮಾಕ್ಕೆ ದೃಶ್ಯ ಪರಿಣಾಮಗಳ ಆಸ್ಕರ್ ಬಂತು ಎನ್ನುವುದು ಬೇರೆ ಮಾತು.

ಇದರಲ್ಲಿ ನಟಿಸಿದ್ದ ಸ್ಯಾಮ್ ಎಲಿಯಟ್ ಮುಂದಿನ ಭಾಗ ನಿಂತದ್ದಕ್ಕೆ ಕ್ಯಾಥೊಲಿಕ್ ಚರ್ಚೇ ಕಾರಣ ಎಂದು ಆಮೇಲೆ ಹೇಳಿದರು. ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಬಹಿಷ್ಕಾರದಿಂದ ಎಷ್ಟು ಹೋಯಿತು, ಸಿನಿಮಾ ಸಪ್ಪೆಯಾದದ್ದರಿಂದ ಎಷ್ಟು ಹೋಯಿತು ಎಂದು ಬೇರ್ಪಡಿಸುವ ತಕ್ಕಡಿ ಯಾರ ಬಳಿಯೂ ಇಲ್ಲ.

ಕೆಂಪು ಮಸಿ (ಸೋಮವಾರ, ರಾತ್ರಿ 10.32)

ತಕ್ಕಡಿ ಏಕೆ ಬೇಕು ಸ್ವಾಮಿ? ಪುಸ್ತಕ ಕಂಡರೆ ಬೆಂಕಿಪೆಟ್ಟಿಗೆ ಹುಡುಕುವವರು ಎಲ್ಲ ಕಾಲದಲ್ಲೂ ಇದ್ದಾರೆ. 2001ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದ ಅಲಮೊಗೋರ್ಡೊ ಊರಿನ ಚರ್ಚೊಂದು ಹ್ಯಾರಿ ಪಾಟರ್ ಪುಸ್ತಕಗಳನ್ನು ಸುಟ್ಟಿತು. 2019ರ ಮಾರ್ಚ್ ಕೊನೆಯ ದಿನ ಪೋಲೆಂಡಿನ ಗ್ಡಾನ್ಸ್ಕ್‌ನಲ್ಲಿ ಪಾದ್ರಿಗಳೇ ನಿಂತು ಸುಟ್ಟರು. ಪುಸ್ತಕದ ಜೊತೆ ಮರದ ಮುಖವಾಡ, ಬೆಕ್ಕಿನ ಚಿತ್ರವಿರುವ ಮಕ್ಕಳ ಛತ್ರಿ! ಛತ್ರಿಯಲ್ಲಿ ಯಾವ ಸೈತಾನ ಇದ್ದನೋ. ಹದಿನೆಂಟು ವರ್ಷದಲ್ಲಿ ಬೆಂಕಿ ಅದೇ, ಫೋಟೊ ಹಾಕುವ ಜಾಗ ಮಾತ್ರ ಬದಲಾಗಿದೆ.

ಧರ್ಮಕ್ಕೂ ಕಲ್ಪನೆಗೂ ಹುಟ್ಟಾ ವೈರ.

ಬಂದರು ರಸ್ತೆ (ಸೋಮವಾರ, ರಾತ್ರಿ 11.05)

ನಾನು ಮಂಗಳೂರಿನ ಕ್ಯಾಥೊಲಿಕ್. ಬೆಂಕಿಪೆಟ್ಟಿಗೆ ಅಡುಗೆಮನೆಯಲ್ಲಿದೆ, ಚಹಾ ಕಾಸಲು.

ಕೆಂಪು ಮಸಿಯವರು ಅರ್ಧ ಹೇಳಿ ಬಿಟ್ಟರು. ಗ್ಡಾನ್ಸ್ಕ್‌ನಲ್ಲಿ ಸುಟ್ಟ ಪಾದ್ರಿ ಕೆಲವೇ ದಿನಗಳಲ್ಲಿ ಕ್ಷಮೆ ಕೇಳಿದರು, ಅವರನ್ನು ಮೊದಲು ಗೇಲಿ ಮಾಡಿದವರಲ್ಲಿ ಪೋಲೆಂಡಿನ ಕ್ಯಾಥೊಲಿಕರೇ ಬೇಕಾದಷ್ಟು ಇದ್ದರು. ‘ಗೋಲ್ಡನ್ ಕಂಪಾಸ್’ ವಿಷಯದಲ್ಲೂ ಚರ್ಚು ಒಂದೇ ಬಾಯಲ್ಲಿ ಮಾತಾಡಲಿಲ್ಲ. ಅಮೆರಿಕದ ಬಿಷಪರ ಸಮ್ಮೇಳನದ ಸಿನಿಮಾ ವಿಮರ್ಶಾ ವಿಭಾಗ ಇದನ್ನು ಸಾಕಷ್ಟು ಮೆಚ್ಚಿಯೇ ಬರೆದಿತ್ತು. ನಿಷೇಧಿಸುವುದಕ್ಕಿಂತ ತಂದೆತಾಯಿ ಮಕ್ಕಳ ಜೊತೆ ಕುಳಿತು ಮಾತಾಡಲಿ ಎಂಬುದು ಅವರ ಸಲಹೆ. ಸಿನಿಮಾ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಆ ವಿಮರ್ಶೆಯನ್ನು ಹಿಂದಕ್ಕೆ ತೆಗೆದುಕೊಂಡರು. ಅದು ನಾಚಿಕೆಯ ಸಂಗತಿ, ಒಪ್ಪುತ್ತೇನೆ.

ಆದರೆ ನಮಗೆ ನೋವಾಗುವುದು ಎಲ್ಲಿ ಎಂದೂ ಕೇಳಿ. ಪುಲ್ಮನ್ ಕಥೆಯಲ್ಲಿ ಮಕ್ಕಳನ್ನು ಕದ್ದು ಕತ್ತರಿಸುವ ಸಂಸ್ಥೆಯ ಹೆಸರು ‘ಮ್ಯಾಜಿಸ್ಟೀರಿಯಂ’. ಅದು ಕಟ್ಟಿದ ಹೆಸರಲ್ಲ. ವಿಶ್ವಾಸವನ್ನು ಬೋಧಿಸುವ ಚರ್ಚಿನ ಅಧಿಕಾರಕ್ಕೆ ನಾವು ಇವತ್ತಿಗೂ ಬಳಸುವ ಪದ. ನಿಮ್ಮ ಮಠದ ಹೆಸರನ್ನೇ ಇಟ್ಟು ಯಾರಾದರೂ ಮಕ್ಕಳ ಕಳ್ಳರ ಕತೆ ಬರೆದರೆ “ಅಯ್ಯೋ, ಕಲ್ಪನೆ ತಾನೇ” ಎನ್ನುತ್ತೀರಾ?

ಪುಸ್ತಕ ನಾನು ಓದಿಲ್ಲ. ಓದುವ ಮನಸ್ಸೂ ಆಗಿಲ್ಲ. ಮಕ್ಕಳು ಸೇರಿ ದೇವರನ್ನು ಕೊಲ್ಲುವ ಕತೆಯಂತೆ, ಇನ್ನೇನು ಓದುವುದು?

ತುಂಗಾತೀರ (ಮಂಗಳವಾರ, ಬೆಳಿಗ್ಗೆ 6.20)

ನಿವೃತ್ತ ಇಂಗ್ಲಿಷ್ ಮೇಷ್ಟ್ರು, ನಿದ್ದೆ ಕಡಿಮೆ, ಆದ್ದರಿಂದ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಹೆಸರಿನ ತಮಾಷೆ. ‘ನಾರ್ದರ್ನ್ ಲೈಟ್ಸ್’ ಸೇರಿ ಈ ಕತೆಯ ಮೂರೂ ಪುಸ್ತಕಗಳ ಒಟ್ಟು ಹೆಸರು ‘ಹಿಸ್ ಡಾರ್ಕ್ ಮೆಟೀರಿಯಲ್ಸ್’. ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ ಕಾವ್ಯದ ಎರಡನೆಯ ಸರ್ಗದಿಂದ ಎತ್ತಿಕೊಂಡದ್ದು. ಮೊದಲು ಪುಲ್ಮನ್ ಇಡಬೇಕೆಂದಿದ್ದ ಹೆಸರು ‘ದಿ ಗೋಲ್ಡನ್ ಕಂಪಾಸಸ್’. ಅದೂ ಮಿಲ್ಟನ್ನನದೇ: ದೇವರು ಸೃಷ್ಟಿಗೆ ಎಲ್ಲೆ ಹಾಕಲು ಕೈಗೆತ್ತಿಕೊಳ್ಳುವ ಚಿನ್ನದ ಕೈವಾರ. ಜ್ಯಾಮಿಟ್ರಿ ಪೆಟ್ಟಿಗೆಯ ಕೈವಾರ! ಅಮೆರಿಕದ ಪ್ರಕಾಶಕರು ಅದನ್ನು ದಿಕ್ಸೂಚಿ ಎಂದುಕೊಂಡರು, ಲೈರಾಳ ಕೈಯಲ್ಲಿರುವ ದುಂಡನೆಯ ಯಂತ್ರವೇ ಅದು ಎಂದುಕೊಂಡರು, ಹೆಸರು ಅಂಟಿಕೊಂಡಿತು. ಕನ್ನಡದಲ್ಲಿ ಬರೆದಿದ್ದರೆ ಈ ಎಡವಟ್ಟು ಆಗುತ್ತಲೇ ಇರಲಿಲ್ಲ. ನಮಗೆ ಕೈವಾರ ಬೇರೆ, ದಿಕ್ಸೂಚಿ ಬೇರೆ.

ಈಗ ಬಂದರು ರಸ್ತೆಯವರಿಗೆ. ಮ್ಯಾಜಿಸ್ಟೀರಿಯಂ ಪದದ ಬಗ್ಗೆ ನಿಮ್ಮ ತಕರಾರು ನ್ಯಾಯವೇ. ಆದರೆ ಅದು ನಿಮ್ಮ ಚರ್ಚು ಪೂರ್ತಿ ಅಲ್ಲ. ಲೈರಾಳ ಲೋಕದಲ್ಲಿ ಪೋಪ್ ಆದವನು ಜಾನ್ ಕ್ಯಾಲ್ವಿನ್! ಅವನು ಪೀಠವನ್ನು ಜಿನೀವಾಕ್ಕೆ ಸಾಗಿಸುತ್ತಾನೆ, ಅವನ ನಂತರ ಪೋಪ್ ಪದವಿಯೇ ರದ್ದಾಗುತ್ತದೆ. ಪ್ರಾಟೆಸ್ಟೆಂಟ್ ಸುಧಾರಕನನ್ನೇ ಪೋಪ್ ಮಾಡಿ ಇಬ್ಬರ ಕಾಲನ್ನೂ ಒಟ್ಟಿಗೆ ಎಳೆದಿದ್ದಾರೆ.

“ದೇವರನ್ನು ಕೊಲ್ಲುವುದು” ಎಂಬ ಮಾತಿಗೆ ಪುಲ್ಮನ್ ಅವರೇ ಸೌದೆ ಒಟ್ಟಿದವರು. 2003ರ ಸಂದರ್ಶನದಲ್ಲಿ, ಪಾಟರ್ ಎಲ್ಲ ಪೆಟ್ಟು ತಿನ್ನುತ್ತಿದ್ದಾನೆ, ನಾನು ಬರೆದದ್ದು ಅದಕ್ಕಿಂತ ಎಷ್ಟೋ ತಂಟೆಯದು, ನನ್ನ ಪುಸ್ತಕಗಳು ದೇವರನ್ನು ಕೊಲ್ಲುವುದರ ಕುರಿತಾಗಿವೆ ಎಂಬರ್ಥದ ಮಾತು ಆಡಿದ್ದರು. ಆದರೆ ಲೇಖಕ ಸಂದರ್ಶನದಲ್ಲಿ ಹೇಳುವುದನ್ನು ನಂಬಬೇಡಿ, ಪುಟ ತೆರೆದು ನೋಡಿ ಎಂದು ನಾನು ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಮೂರನೆಯ ಪುಸ್ತಕದಲ್ಲಿ ದೇವರೆನಿಸಿಕೊಂಡ ‘ಅಧಿಪತಿ’ ಸ್ಫಟಿಕದ ಪಲ್ಲಕ್ಕಿಯೊಳಗೆ ಕೂಡಿಹಾಕಲ್ಪಟ್ಟ ಮುದುಕ. ಅಷ್ಟಕ್ಕೂ ಅವನು ಸೃಷ್ಟಿಕರ್ತನಲ್ಲ, ಮೊದಲು ಹುಟ್ಟಿದ ದೇವದೂತ, ತಾನೇ ಸೃಷ್ಟಿಸಿದೆ ಎಂದು ಸುಳ್ಳು ಹೇಳಿಕೊಂಡು ಬಂದವನು. ಈಗ ಹಸುಗೂಸಿನ ಹಾಗೆ ಅಳುತ್ತಿದ್ದಾನೆ. ಲೈರಾ ಮತ್ತು ಅವಳ ಗೆಳೆಯ ವಿಲ್‌ಗೆ ಅವನು ಯಾರೆಂದೂ ಗೊತ್ತಿಲ್ಲ. ಪಾಪ ಎನಿಸಿ ಪಲ್ಲಕ್ಕಿಯನ್ನು ಕೊಯ್ದು ಹೊರಗಿಳಿಸುತ್ತಾರೆ. ಗಾಳಿ ತಾಗಿದೊಡನೆ ಅವನು ಕರಗಿಹೋಗುತ್ತಾನೆ. ಕೊಲೆ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಇದನ್ನೆಲ್ಲ ಕಣ್ಣುಬಿಟ್ಟು ಓದಿದ ಧರ್ಮಗುರುವೂ ಒಬ್ಬರಿದ್ದರು. ಆಗ ಕ್ಯಾಂಟರ್ಬರಿಯ ಆರ್ಚ್‌ಬಿಷಪ್, ಅಂದರೆ ಇಂಗ್ಲೆಂಡಿನ ಚರ್ಚಿನ ಅತಿ ಹಿರಿಯ ಬಿಷಪ್, ಆಗಿದ್ದ ರೋವನ್ ವಿಲಿಯಮ್ಸ್. ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಈ ಕತೆ ನಾಟಕವಾದಾಗ ಹೋಗಿ ನೋಡಿದರು, 2004ರಲ್ಲಿ ಅದೇ ರಂಗಮಂದಿರದಲ್ಲಿ ಪುಲ್ಮನ್ ಜೊತೆ ಕುಳಿತು ಮಾತಾಡಿದರು, ಶಾಲೆಯ ಧರ್ಮಶಿಕ್ಷಣದಲ್ಲಿ ಇದನ್ನು ಓದಿಸಬಹುದು ಎಂದರು. ಅವರು ಹಿಡಿದ ಕೊರತೆ ಚುರುಕಾದದ್ದು: ಈ ಚರ್ಚಿನಲ್ಲಿ ಕ್ರಿಸ್ತನೇ ಇಲ್ಲವಲ್ಲ! ಕ್ರಿಸ್ತನಿಲ್ಲದ ಚರ್ಚು ಹೀಗೆ ಆಗದೆ ಇನ್ನು ಹೇಗೆ ಆಗುತ್ತದೆ? ಪುಸ್ತಕ ಸುಡುವವರ ನೂರು ಕರಪತ್ರಕ್ಕಿಂತ ಈ ಒಂದು ಪ್ರಶ್ನೆ ಪುಲ್ಮನ್‌ಗೆ ಹೆಚ್ಚು ತಾಗಿರಬೇಕು.

ಓದದವ (ಮಂಗಳವಾರ, ಬೆಳಿಗ್ಗೆ 8.50)

ನನ್ನ ಹೆಸರೇ ಹೇಳುತ್ತದೆ. ಒಂದು ಸಣ್ಣ ಅನುಮಾನ. ಅದರಲ್ಲಿ ಪ್ರತಿ ಮಗುವಿನ ಜೊತೆ ಒಂದು ‘ಡೀಮನ್’ ಇರುತ್ತದಂತೆ. ಮಕ್ಕಳ ಜೊತೆ ದೆವ್ವ ಬಿಟ್ಟರೆ ಚರ್ಚಿನವರು ಸುಮ್ಮನಿರುತ್ತಾರೆಯೇ? ನಮ್ಮ ಮನೆಯಲ್ಲೂ ಸುಮ್ಮನಿರುವುದಿಲ್ಲ, ನಿಂಬೆಹಣ್ಣು ತರಿಸುತ್ತಾರೆ.

ಹಳೆಯ ಕಪಾಟು (ಮಂಗಳವಾರ, ಮಧ್ಯಾಹ್ನ 1.10)

ಓದದವರೇ, ದೆವ್ವವಲ್ಲ. ಮನುಷ್ಯನ ಜೀವವೇ ಪ್ರಾಣಿಯ ರೂಪದಲ್ಲಿ ಹೊರಗಿರುತ್ತದೆ. ಮಕ್ಕಳದ್ದು ಗಳಿಗೆಗೊಂದು ರೂಪ ತಾಳುತ್ತದೆ: ಪತಂಗ, ಬೆಕ್ಕು, ಮುಂಗುಸಿಯಂಥದ್ದು. ದೊಡ್ಡವರಾದ ಮೇಲೆ ಒಂದೇ ರೂಪಕ್ಕೆ ನಿಲ್ಲುತ್ತದೆ. ಗ್ರೀಕಿನ ‘ಡೈಮೋನ್’ನಿಂದ ಬಂದ ಪದ, ಸಾಕ್ರೆಟಿಸ್ ತನ್ನೊಳಗೆ ಕೇಳಿಸುತ್ತದೆ ಎನ್ನುತ್ತಿದ್ದ ದನಿಗೆ ಸಂಬಂಧಿಸಿದ್ದು. ಬರೆಯುವಾಗ ಕಾಗುಣಿತ ಬೇರೆ, ಬಾಯಲ್ಲಿ ಹೇಳಿದರೆ ಇಂಗ್ಲಿಷಿನ ದೆವ್ವವೇ. ಗದ್ದಲದ ಅರ್ಧ ಪಾಲು ಈ ಉಚ್ಚಾರಣೆಯದು ಎಂದು ನನ್ನ ಗುಮಾನಿ.

ಇದನ್ನು ಕನ್ನಡದಲ್ಲಿ ಏನೆನ್ನುವುದು ಎಂದು ನಾನು ತಿಣುಕಾಡಿದ್ದೇನೆ. ಮಗಳು ರಾತ್ರಿ ಅಜ್ಜಿಗೆ, ಅಂದರೆ ನನ್ನ ಅತ್ತೆಗೆ, ಕತೆ ಹೇಳುತ್ತಾಳೆ. ‘ಆತ್ಮ’ ಎಂದರೆ ಅತ್ತೆ ಗೀತೆಯ ಕಡೆ ಹೊರಟುಬಿಡುತ್ತಾರೆ, ಅದು ಕೊಯ್ಯಲಾಗದ್ದು, ಸುಡಲಾಗದ್ದು. ಇಲ್ಲಿ ಕೊಯ್ಯುವುದೇ ಕತೆ. ಬೋಲ್ವಾಂಗರ್ ಎಂಬ ಜಾಗದಲ್ಲಿ ಮಗುವನ್ನೂ ಅದರ ಪ್ರಾಣಿಯನ್ನೂ ಎರಡು ಪಂಜರದಲ್ಲಿಟ್ಟು ನಡುವೆ ಅಲಗು ಇಳಿಸುತ್ತಾರೆ. ನಾನು ‘ಜೀವ’, ‘ಪ್ರಾಣ’ ಎಂದೆಲ್ಲ ಒದ್ದಾಡುತ್ತಿದ್ದಾಗ ಅತ್ತೆಯೇ ಹೇಳಿದರು: “ಏಳು ಸಮುದ್ರದಾಚೆ ಗಿಣಿಯಲ್ಲಿ ರಾಕ್ಷಸನ ಪ್ರಾಣ ಇರುತ್ತದಲ್ಲ, ಹಾಗೆ. ಇಲ್ಲಿ ಗಿಣಿ ಹೆಗಲ ಮೇಲೇ ಕೂತಿದೆ.” ಮುಗಿಯಿತು. ಮುಂದಕ್ಕೆ ಎಲ್ಲರ ಡೀಮನ್ನೂ ನಮ್ಮ ಮನೆಯಲ್ಲಿ ‘ಗಿಣಿ’. ಲೈರಾಳ ಗಿಣಿ ಮುಂಗುಸಿಯಾಯಿತು ಎಂದರೆ ಯಾರಿಗೂ ನಗು ಬರುವುದಿಲ್ಲ.

ಬಂದರು ರಸ್ತೆ (ಮಂಗಳವಾರ, ರಾತ್ರಿ 9.15)

ಗಿಣಿಯ ಮಾತು ಮೆಚ್ಚಿದೆ ಅಕ್ಕ. ಪದದ ವಿಷಯದಲ್ಲಿ ನಮ್ಮ ಊರಿನದೊಂದು ನೆನಪಾಯಿತು. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ಎ. ಸಿ. ಬರ್ನೆಲ್ ಸಂಗ್ರಹಿಸಿದ ಭೂತಾರಾಧನೆಯ ಬರಹಗಳು, ಪಾಡ್ದನಗಳು, ಅವರು ತೀರಿಕೊಂಡ ಮೇಲೆ 1894ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಾದವು. ತಲೆಬರಹ ಏನು ಗೊತ್ತೇ? ತುಳುವರ ‘ಡೆವಿಲ್ ವರ್ಷಿಪ್’. ಊರು ಕಾಯುವ ಭೂತ, ನ್ಯಾಯ ಹೇಳುವ ದೈವ, ಇಂಗ್ಲಿಷಿನಲ್ಲಿ ಸೈತಾನನಾಯಿತು. ನನ್ನ ಪಕ್ಕದ ಮನೆಯವರ ದೈವಕ್ಕೆ ಆದ ಈ ಅನ್ಯಾಯ ನನಗೆ ಚಿಕ್ಕಂದಿನಿಂದ ಗೊತ್ತು. ಹಾಗಿದ್ದೂ ಡೀಮನ್ ಪದ ಕೇಳಿದೊಡನೆ ನಾನೂ ಅದೇ ಇಂಗ್ಲಿಷ್ ಕಿವಿಯಲ್ಲಿ ಕೇಳಿಸಿಕೊಂಡೆ. ತಪ್ಪು ಒಪ್ಪಿಕೊಂಡೆ. ಆ ಪದದ ಮಟ್ಟಿಗೆ ಮಾತ್ರ.

ಕೆಂಪು ಮಸಿ (ಮಂಗಳವಾರ, ರಾತ್ರಿ 9.31)

ದೈವದ ಮಾತು ಬಂತಲ್ಲ, ಹಾಗಾದರೆ ಈಚೆಗೆ ಕರಾವಳಿಯ ದೈವಗಳನ್ನು ಪರದೆಯ ಮೇಲೆ ತಂದಾಗ ನಡೆದ ಜಗಳದಲ್ಲಿ...

ನಿರ್ವಾಹಕ (ಮಂಗಳವಾರ, ರಾತ್ರಿ 9.33)

ಆ ಜಗಳಕ್ಕೆ ಬೇರೆ ಎಳೆ ಇದೆ, ಇನ್ನೂರು ಉತ್ತರಗಳಿವೆ, ನನ್ನ ಎರಡು ರಾತ್ರಿಯ ನಿದ್ದೆಯೂ ಅಲ್ಲಿದೆ. ಇಲ್ಲಿ ಬೇಡ.

ಒಂಟಾರಿಯೋ ಕನ್ನಡಿಗ (ಬುಧವಾರ, ಬೆಳಿಗ್ಗೆ 7.05)

ನಾನಿರುವ ಪ್ರಾಂತ್ಯದಲ್ಲೇ ನಡೆದದ್ದು. 2007ರ ನವೆಂಬರಿನಲ್ಲಿ ಹಾಲ್ಟನ್ ಕ್ಯಾಥೊಲಿಕ್ ಶಾಲಾ ಮಂಡಳಿ ಪುಲ್ಮನ್ ಪುಸ್ತಕಗಳನ್ನು ತನ್ನ ಗ್ರಂಥಾಲಯಗಳ ಕಪಾಟಿನಿಂದ ತೆಗೆಸಿತು. ದೂರು ಬಂದಿತ್ತು, ಸಿನಿಮಾ ಬರಲಿತ್ತು. ಪುಸ್ತಕ ಅದಾಗಲೇ ಹನ್ನೆರಡು ವರ್ಷ ಹಳೆಯದು. 1995ರಲ್ಲಿ ಬಂದು ಅದೇ ವರ್ಷದ ಕಾರ್ನೆಗಿ ಪದಕ (ಬ್ರಿಟನ್ನಿನಲ್ಲಿ ಮಕ್ಕಳ ಪುಸ್ತಕಕ್ಕೆ ಕೊಡುವ ಪ್ರಶಸ್ತಿ) ಗೆದ್ದದ್ದು. ಅಷ್ಟು ವರ್ಷ ಮಕ್ಕಳು ಓದಿದ್ದಾಗ ಯಾರ ವಿಶ್ವಾಸವೂ ಕುಸಿಯಲಿಲ್ಲ, ಪೋಸ್ಟರ್ ಅಂಟಿಸಿದೊಡನೆ ಕುಸಿಯತೊಡಗಿತು.

ಭಾರತದಲ್ಲಿರುವವರಿಗೆ ಗೊತ್ತಿರಲಾರದು: ಒಂಟಾರಿಯೋದಲ್ಲಿ ಕ್ಯಾಥೊಲಿಕ್ ಶಾಲೆಗಳು ಸರ್ಕಾರದ ಹಣದಲ್ಲೇ ನಡೆಯುತ್ತವೆ. ಹಾಗಾಗಿ ಆ ಕಪಾಟಿನಲ್ಲಿ ಏನಿರಬೇಕು ಎಂಬುದು ಚರ್ಚಿನ ಮನೆಯ ಮಾತಷ್ಟೇ ಅಲ್ಲ, ತೆರಿಗೆ ಕಟ್ಟುವ ನನ್ನಂಥವನ ಮಾತೂ ಹೌದು.

ಗಡಿಯಾಚೆ ಅಮೆರಿಕದ ಅರ್ಕನ್ಸಾದಲ್ಲಿ ಇಂಥದ್ದೇ ಇನ್ನೊಂದು. ಸೀಡರ್‌ವಿಲ್ ಎಂಬ ಊರಿನ ಶಾಲಾ ಮಂಡಳಿ ಹ್ಯಾರಿ ಪಾಟರ್ ಪುಸ್ತಕಗಳನ್ನು ಮುಚ್ಚಿಟ್ಟು, ಓದಬೇಕಾದರೆ ತಂದೆತಾಯಿಯ ಒಪ್ಪಿಗೆ ಪತ್ರ ತರಬೇಕೆಂದಿತು. ಒಂದು ಕುಟುಂಬ ನ್ಯಾಯಾಲಯಕ್ಕೆ ಹೋಯಿತು. ಪತ್ರ ತರಬೇಕೆಂಬ ನಿಯಮವೇ ಮಗುವಿನ ಓದುವ ಹಕ್ಕಿಗೆ ಅಡ್ಡಿ ಎಂದು 2003ರಲ್ಲಿ ಫೆಡರಲ್ ನ್ಯಾಯಾಧೀಶರು ತೀರ್ಪಿತ್ತು ಪುಸ್ತಕಗಳನ್ನು ಕಪಾಟಿಗೆ ಮರಳಿಸಿದರು. ಬೆಂಕಿಗಿಂತ ನನಗೆ ಈ ಒಪ್ಪಿಗೆ ಪತ್ರವೇ ಹೆಚ್ಚು ಭಯ. ಬೆಂಕಿ ಹಚ್ಚಿದರೆ ಊರಿಗೇ ಕಾಣುತ್ತದೆ. ಪತ್ರಕ್ಕೆ ಹೆದರಿ ಪುಸ್ತಕ ಕೇಳದೇ ಹೋದ ಹುಡುಗಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಸ್ಟೆಲ್ ಕಿಟಕಿ (ಬುಧವಾರ, ಮಧ್ಯಾಹ್ನ 3.40)

ಪಾಟರ್ ಓದಿ ಬೆಳೆದವಳು, ಸುಮ್ಮನಿರಲಾರೆ. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಲೆಕ್ಕದಲ್ಲಿ 2000ದಿಂದ 2009ರವರೆಗೆ ಅತಿ ಹೆಚ್ಚು ಆಕ್ಷೇಪಕ್ಕೆ ಗುರಿಯಾದ ಪುಸ್ತಕಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಪಾಟರ್ ಸರಣಿಗೆ. ಮಾಟ ಮಂತ್ರ ಕಲಿಸುತ್ತದೆ ಎಂಬುದು ಮುಖ್ಯ ದೂರು, ಬೈಬಲ್ಲಿನ ಧರ್ಮೋಪದೇಶಕಾಂಡದ ಹದಿನೆಂಟನೆಯ ಅಧ್ಯಾಯವೇ ಆಧಾರ.

ಈ ಬೈಬಲ್ ಹಿಡಿದವರಲ್ಲಿ ಎಷ್ಟು ಜನ ಏಳನೆಯ ಪುಸ್ತಕದ ಸ್ಮಶಾನದವರೆಗೆ ಬಂದರು? ಕ್ರಿಸ್‌ಮಸ್ ಮುನ್ನಾದಿನದ ರಾತ್ರಿ, ಹಿಮ, ಚರ್ಚಿನೊಳಗಿಂದ ಹಾಡು ಕೇಳುತ್ತಿರುತ್ತದೆ. ಹ್ಯಾರಿ ಅಪ್ಪ ಅಮ್ಮನ ಗೋರಿಯ ಮುಂದೆ ನಿಲ್ಲುತ್ತಾನೆ. ಕಲ್ಲಿನ ಮೇಲೆ ಬರೆದಿರುವುದು, ಕೊನೆಯಲ್ಲಿ ನಾಶವಾಗುವ ಶತ್ರು ಮರಣವೇ ಎಂಬ ಮಾತು. ಕೊರಿಂಥದವರಿಗೆ ಬರೆದ ಮೊದಲ ಪತ್ರ, 15:26. ಅದೇ ಸ್ಮಶಾನದಲ್ಲಿ ಅವನ ಶಾಲೆಯ ಹೆಡ್‌ಮಾಸ್ಟರ್ ಡಂಬಲ್‌ಡೋರ್ ಮನೆಯವರ ಗೋರಿಯ ಮೇಲೆ, ನಿನ್ನ ಗಂಟು ಎಲ್ಲಿದೆಯೋ ಅಲ್ಲೇ ನಿನ್ನ ಮನಸ್ಸೂ ಇರುತ್ತದೆ ಎಂಬರ್ಥದ ಮತ್ತಾಯನ ಮಾತು. ಯಾವ ಪುಸ್ತಕದಲ್ಲಿದೆ ಎಂದು ಲೇಖಕಿ ಅಡಿಟಿಪ್ಪಣಿ ಹಾಕಿಲ್ಲ, ಅಷ್ಟೇ. ಹ್ಯಾರಿಗೆ ಮೊದಲು ಅದು ಅರ್ಥವಾಗದೆ ಗಾಬರಿಯಾಗುತ್ತದೆ, ಇದು ಖಳನ ಕಡೆಯವರ ಮಾತಿನಂತಿದೆಯಲ್ಲ ಎಂದು. ಗೆಳತಿ ಹರ್ಮಯೋನಿ ಬಿಡಿಸಿ ಹೇಳುತ್ತಾಳೆ.

ನಾನಿದ್ದ ಶಾಲೆಯಲ್ಲಿ (ಹೆಸರು ಬೇಡ) ಒಬ್ಬ ಮೇಡಂ ನನ್ನ ಡೆಸ್ಕಿನಿಂದ ನಾಲ್ಕನೆಯ ಪುಸ್ತಕ ಎತ್ತಿಕೊಂಡು ಹೋದರು. ಪರೀಕ್ಷೆ ಮುಗಿದ ಮೇಲೆ ಕೊಟ್ಟರು. ನಡುವೆ ಎಲ್ಲೋ ಒಂದು ಪುಟದಲ್ಲಿ ಬಸ್ ಟಿಕೆಟ್ ಗುರುತಿಗೆ ಇಟ್ಟಿತ್ತು. ನನ್ನದಲ್ಲ.

ತುಂಗಾತೀರ (ಬುಧವಾರ, ಸಂಜೆ 5.30)

ಬಸ್ ಟಿಕೆಟ್! ಆ ಮೇಡಂಗೆ ನನ್ನ ನಮಸ್ಕಾರ ತಲುಪಿಸಿ.

ಕೆಂಪು ಮಸಿಯವರ “ಹುಟ್ಟಾ ವೈರ” ಎಂಬ ಮಾತು ಉಳಿದುಬಿಟ್ಟಿತು. ಇಂಗ್ಲಿಷಿನಲ್ಲಿ ಈ ಫ್ಯಾಂಟಸಿ ಪ್ರಕಾರವನ್ನು ಕಟ್ಟಿದವರಲ್ಲಿ ಇಬ್ಬರು ದೊಡ್ಡವರು, ಇಬ್ಬರೂ ಕಟ್ಟಾ ಕ್ರೈಸ್ತರು. ಟೋಲ್ಕಿನ್ ಕ್ಯಾಥೊಲಿಕ್. ತಮ್ಮ ‘ಲಾರ್ಡ್ ಆಫ್ ದಿ ರಿಂಗ್ಸ್’ ಮೂಲತಃ ಧಾರ್ಮಿಕ, ಕ್ಯಾಥೊಲಿಕ್ ಕೃತಿ ಎಂದು 1953ರಲ್ಲಿ ಪಾದ್ರಿ ಗೆಳೆಯರಿಗೆ ಕಾಗದ ಬರೆದಿದ್ದಾರೆ. ಆದರೂ ಕತೆಯಲ್ಲಿ ಒಂದು ಚರ್ಚಿಲ್ಲ, ಒಬ್ಬ ಪಾದ್ರಿಯಿಲ್ಲ. ಉಂಗುರ ನಾಶವಾಗುವ ದಿನ ಮಾರ್ಚ್ 25. ದೇವದೂತ ಮರಿಯಳಿಗೆ ವಾರ್ತೆ ತಂದ ದಿನವೆಂದು ಚರ್ಚು ಆಚರಿಸುವುದು ಅದನ್ನೇ. ಬೇಕಾದವರು ಕಂಡುಕೊಳ್ಳಲಿ, ಬೇಡವಾದವರು ಕತೆ ಓದಲಿ ಎಂಬ ಧೋರಣೆ.

ಅವರ ಗೆಳೆಯ ಸಿ. ಎಸ್. ಲೂಯಿಸ್ ಹಾಗಲ್ಲ. ನಾರ್ನಿಯಾದ ಸಿಂಹ ಅಸ್ಲಾನ್ ಇನ್ನೊಬ್ಬನ ತಪ್ಪಿಗೆ ತಾನು ಪ್ರಾಣ ಕೊಟ್ಟು ಬೆಳಗಾಗುವಷ್ಟರಲ್ಲಿ ಎದ್ದು ಬರುತ್ತಾನೆ. ಗುರುತಿಸಲು ದುರ್ಬೀನು ಬೇಕಿಲ್ಲ. ಟೋಲ್ಕಿನ್‌ಗೆ ನಾರ್ನಿಯಾ ಹಿಡಿಸಲಿಲ್ಲ. ಪುಲ್ಮನ್‌ಗಂತೂ ಅದನ್ನು ಕಂಡರೆ ಮೈಯೆಲ್ಲ ಉರಿ, 1998ರಲ್ಲಿ ‘ಗಾರ್ಡಿಯನ್’ ಪತ್ರಿಕೆಯಲ್ಲಿ ಸಿಕ್ಕಾಪಟ್ಟೆ ಜಾಡಿಸಿದ್ದರು. ಅಂದರೆ ಇದು ಧರ್ಮಕ್ಕೂ ಕಲ್ಪನೆಗೂ ನಡೆದ ಜಗಳವಲ್ಲ. ಕತೆಗಾರ ಕತೆಗಾರರ ಮನೆಯೊಳಗಿನ ಜಗಳ. ಚರ್ಚಿನ ಕರಪತ್ರದವರು ಆಮೇಲೆ ಬಂದು ಬೀದಿಯಲ್ಲಿ ನಿಂತರು.

ಟಿಕೆಟ್ ಕೌಂಟರ್ (ಬುಧವಾರ, ರಾತ್ರಿ 8.20)

ನಾರ್ನಿಯಾ ಸಿನಿಮಾ 2005ರ ಡಿಸೆಂಬರಿನಲ್ಲಿ ಬಂದಾಗ ಚರ್ಚುಗಳೇ ಟಿಕೆಟ್ ಕಟ್ಟುಗಟ್ಟಲೆ ಕೊಂಡವು. ಪಾದ್ರಿಗಳಿಗೆ ಮುಂಚಿತ ಪ್ರದರ್ಶನ ಏರ್ಪಡಿಸಿ ಪ್ರಚಾರ ಮಾಡಿದ್ದರು. ಈ ಬಾರಿ ಆಕ್ಷೇಪ ಎತ್ತಿದ್ದು ಇನ್ನೊಂದು ಕಡೆಯವರು: ಫ್ಲಾರಿಡಾ ರಾಜ್ಯ ಶಾಲಾಮಕ್ಕಳ ಓದಿನ ಸ್ಪರ್ಧೆಗೆ ಅದೇ ಪುಸ್ತಕ ಆರಿಸಿದಾಗ, ಸರ್ಕಾರ ಧರ್ಮಬೋಧನೆ ಮಾಡುತ್ತಿದೆ ಎಂದು ಧರ್ಮ ಮತ್ತು ಪ್ರಭುತ್ವ ಬೇರೆ ಇರಬೇಕೆನ್ನುವ ಸಂಘಟನೆ ತಕರಾರು ತೆಗೆಯಿತು.

ನ್ಯೂ ಲೈನ್‌ನವರು ಎರಡು ವರ್ಷದ ಬಳಿಕ ಅದೇ ಡಿಸೆಂಬರ್ ತಿಂಗಳಿಗೆ ಗಾಳ ಹಾಕಿದರು. ನಾರ್ನಿಯಾದ ಪ್ರೇಕ್ಷಕರೂ ಬೇಕು, ಪುಲ್ಮನ್ ಓದುಗರೂ ಬೇಕು. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಒಂದು ಉದಾಹರಣೆ ಕೊಡುತ್ತೇನೆ. ಪುಸ್ತಕದಲ್ಲಿ ಕರಡಿ ಅಯೋರೆಕ್‌ನ ಕವಚ ಬಚ್ಚಿಟ್ಟಿರುವುದು ಪಾದ್ರಿಯ ಮನೆಯ ನೆಲಮಾಳಿಗೆಯಲ್ಲಿ. ಸಿನಿಮಾದಲ್ಲಿ ಅದು ಮ್ಯಾಜಿಸ್ಟೀರಿಯಂನ ಕಚೇರಿ. ಚರ್ಚು ಹೋಗಿ ಕಚೇರಿ ಬಂತು, ಪಾದ್ರಿ ಹೋಗಿ ಅಧಿಕಾರಿ ಬಂದ. ಬ್ರಿಟನ್ನಿನ ನ್ಯಾಷನಲ್ ಸೆಕ್ಯುಲರ್ ಸೊಸೈಟಿಯವರು ಕತೆಯ ಹಲ್ಲು ಕಿತ್ತಿದ್ದೀರಿ ಎಂದು ಸಿಟ್ಟಾದರು, ಕ್ಯಾಥೊಲಿಕ್ ಲೀಗ್ ಹಲ್ಲು ಒಳಗೆ ಬಚ್ಚಿಟ್ಟಿದ್ದೀರಿ ಎಂದು ಸಿಟ್ಟಾಯಿತು.

ಮೇಡಂ ಅವರ ಮಗಳಿಗೆ ಹೇಳಿ: 2019ರಿಂದ 2022ರವರೆಗೆ ಬಿಬಿಸಿ ಮತ್ತು ಎಚ್‌ಬಿಒ ಸೇರಿ ಮೂರು ಸರಣಿಯಲ್ಲಿ ಪೂರ್ತಿ ಕತೆ ತೆಗೆದಿವೆ. ಮೊದಲ ಸರಣಿಯ ಕೊನೆಗೆ ರೋಜರ್ ಸಾಯುತ್ತಾನೆ. ಸ್ಫಟಿಕದೊಳಗಿನ ಮುದುಕನೂ ಇದ್ದಾನೆ. 2007ರಂಥ ಗದ್ದಲ ಏಳಲಿಲ್ಲ.

ಕೆಂಪು ಮಸಿ (ಬುಧವಾರ, ರಾತ್ರಿ 8.44)

ಗದ್ದಲ ಏಳದಿದ್ದುದಕ್ಕೆ ಧರ್ಮ ಉದಾರವಾದದ್ದು ಕಾರಣವಲ್ಲ. ಮನೆಯ ಪರದೆಯ ಮುಂದೆ ಪಿಕೆಟಿಂಗ್ ಮಾಡಲು ಜಾಗವಿಲ್ಲ, ಅಷ್ಟೇ. ಟೋಲ್ಕಿನ್ ವಿಷಯದಲ್ಲಿ ಮೇಷ್ಟ್ರು ಹೇಳಿದ್ದು ಸರಿ, ನನ್ನ “ಹುಟ್ಟಾ” ಎಂಬ ಪದ ವಾಪಸ್. ವೈರ ಮಾತ್ರ ಹಾಗೇ ಇರಲಿ.

ಬಂದರು ರಸ್ತೆ (ಭಾನುವಾರ, ಸಂಜೆ 6.10)

ಐದಾರು ದಿನ ಬರಲಿಲ್ಲ. ಓದುತ್ತಿದ್ದೆ. ಮಗನ ಗೆಳೆಯನ ಬಳಿ ಮೂರೂ ಪುಸ್ತಕ ಇದ್ದವು. ರಾತ್ರಿಯೆಲ್ಲ ಕುಳಿತು ಮುಗಿಸಿದೆ, ಎಂದರೆ ಅಲ್ಲಲ್ಲಿ ಹಾರಿಸಿದ್ದೇನೆ.

ಇಷ್ಟವಾಗಲಿಲ್ಲ. ನೇರವಾಗಿ ಹೇಳುತ್ತೇನೆ. ಮೂರು ಪುಸ್ತಕದಲ್ಲಿ ನೆನಪಿಟ್ಟುಕೊಳ್ಳುವಂಥ ಒಬ್ಬ ಒಳ್ಳೆಯ ಪಾದ್ರಿ ಇಲ್ಲ. ಫಾದರ್ ಗೋಮೆಜ್ ಎಂಬುವನಿಗೆ ಮಗುವನ್ನು ಕೊಲ್ಲುವ ಮೊದಲೇ ಪಾಪಕ್ಷಮೆ ಕೊಟ್ಟು ಕಳಿಸುತ್ತಾರೆ. ಮುಂಗಡ ಪಾಪಕ್ಷಮೆ! ನಮ್ಮಲ್ಲಿ ಪಶ್ಚಾತ್ತಾಪವಿಲ್ಲದೆ ಕ್ಷಮೆಯೇ ಇಲ್ಲ, ಮಾಡದ ಪಾಪಕ್ಕೆ ಪಶ್ಚಾತ್ತಾಪ ಎಲ್ಲಿಂದ ಬರಬೇಕು? ಒಂದು ಸಂಸ್ಥೆಯ ತಪ್ಪು ತೋರಿಸುವವರು ಅದರ ನಿಯಮವನ್ನಾದರೂ ಸರಿಯಾಗಿ ತಿಳಿದಿರಬೇಕು.

ಆದರೆ ಪಲ್ಲಕ್ಕಿಯ ಆ ಎರಡು ಪುಟ. ನನ್ನ ಅಪ್ಪ ಕೊನೆಯ ಎರಡು ವರ್ಷ ಯಾರನ್ನೂ ಗುರುತಿಸುತ್ತಿರಲಿಲ್ಲ. ಬಾಗಿಲು ತೆರೆದರೆ ಹೆದರಿ ಮುದುಡುತ್ತಿದ್ದರು, ಕೈ ಹಿಡಿದರೆ ಮಗುವಿನ ಹಾಗೆ ನಗುತ್ತಿದ್ದರು. ಲೈರಾ ಆ ಮುದುಕನಿಗೆ ಕೈ ಚಾಚಿದಾಗ ಅವನೂ ಹಾಗೇ ಮಾಡುತ್ತಾನೆ. ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಹೊರಗೆ ನಿಂತಿದ್ದೆ. ಅದು ನನ್ನ ದೇವರಲ್ಲ, ಮೇಷ್ಟ್ರೇ. ಆದರೆ ಅಲ್ಲಿ ಕೊಲೆಯೂ ಇಲ್ಲ.

ತುಂಗಾತೀರ (ಭಾನುವಾರ, ರಾತ್ರಿ 7.50)

ಇದಕ್ಕೆ ನಾನು ಸೇರಿಸುವುದೇನೂ ಇಲ್ಲ. ಒಳ್ಳೆಯ ಧಾರ್ಮಿಕರು ಬೇಕೆಂದಿರಲ್ಲ, 2017ರಲ್ಲಿ ಬಂದ ಪುಲ್ಮನ್ ಅವರದೇ ‘ಲಾ ಬೆಲ್ ಸೋವಾಜ್’ ನೋಡಿ. ಕೂಸು ಲೈರಾಳನ್ನು ಸಾಕುವವರು ನದಿ ದಂಡೆಯ ಮಠದ ಸಿಸ್ಟರುಗಳು. ಅಡುಗೆ ಮಾಡುವ ಸಿಸ್ಟರನ್ನು ನೀವು ಖಂಡಿತ ಮೆಚ್ಚುತ್ತೀರಿ.

ಹಳೆಯ ಕಪಾಟು (ಭಾನುವಾರ, ರಾತ್ರಿ 10.25)

ಬಂದರು ರಸ್ತೆಯವರೇ, ನಿಮ್ಮ ಬರಹವನ್ನು ಮಗಳಿಗೂ ಅತ್ತೆಗೂ ಓದಿ ಹೇಳಿದೆ.

ನಿನ್ನೆ ರಾತ್ರಿ ಮಗಳು ಅಜ್ಜಿಗೆ ಮೊದಲ ಪುಸ್ತಕದ ಕೊನೆ ಹೇಳಿದಳು. ಸಿನಿಮಾದವರ ಹಾಗೆ ಬಲೂನಿನಲ್ಲಿ ನಿಲ್ಲಿಸಿಬಿಡು, ಅಜ್ಜಿಗೆ ರಾತ್ರಿ ನಿದ್ದೆ ಬರುವುದಿಲ್ಲ ಎಂದು ನಾನೇ ಅಡುಗೆಮನೆಯಿಂದ ಸನ್ನೆ ಮಾಡಿದೆ. ಹೌದು, ನಾನೇ. ಮಗಳು ನನ್ನನ್ನು ನೋಡಿ, ಪೂರ್ತಿ ಹೇಳಿದಳು. ಹಿಮದ ಬೆಟ್ಟ, ತಂತಿ, ಅಪ್ಪ, ರೋಜರ್, ಆಕಾಶ ಬಿರಿದು ಕಾಣುವ ಇನ್ನೊಂದು ಊರು. ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ:

“ಆ ಹುಡುಗನ ಗಿಣಿ ಯಾವುದಾಗಿತ್ತು ಆಗ?”

ಮಗಳಿಗೆ ನೆನಪಾಗಲಿಲ್ಲ. ದೀಪ ಹಾಕಿಕೊಂಡು ಈಗ ಪುಟ ತಿರುವುತ್ತಿದ್ದಾಳೆ.